ಎರಡು ಮನೆ ಕೆಳಗೆ

ಗಂಗೋತ್ರಿ ಅಡುಗೆಮನೆಯಲ್ಲಿ ಗುನುಗುವುದನ್ನೂ ಬಿಟ್ಟಾಗ ಗವಿಸಿದ್ದೇಶನಿಗೆ ಇಡೀ ಮನೆಯೇ ಬಾಯಿ ಮುಚ್ಚಿಕೊಂಡಂತಾಯಿತು. ಹೆಂಡತಿ ಸ್ವಲ್ಪ ಸುಮ್ಮನಿರಲಪ್ಪಾ ಎಂದು ಅವನು ದೇವರಲ್ಲಿ ಬೇಡಿಕೊಂಡ ಸಂದರ್ಭಗಳು ಈ ಸಂಸಾರದಲ್ಲಿ ಇಲ್ಲವೆಂದಲ್ಲ. (ಯಾವ ಗಂಡ ಬೇಡಿಕೊಂಡಿಲ್ಲ?) ಆದರೆ ಅವನು ಬೇಡಿದ್ದು ಮಾತು ನಿಲ್ಲಲಿ ಎಂದು. ದೇವರು ಅರ್ಧ ಮಾತ್ರ ಕೇಳಿಸಿಕೊಂಡು ಹಾಡು ನಿಲ್ಲಿಸಿದ್ದ. ಮಾತು ಇದ್ದ ಹಾಗೇ ಇತ್ತು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಮಂಡಕ್ಕಿಯ ಒಗ್ಗರಣಿ, ಮಿರ್ಚಿ ಮತ್ತು ಹಾಡು. ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣದೊಂದು ಘಟಕ ನಡೆಸುತ್ತಿದ್ದ ಗವಿಸಿದ್ದೇಶ ಕಾಲೇಜು ಕಾಲದ ಎಲೆಕ್ಟ್ರಿಕ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಶ್ರುತಿ ಹಿಡಿಯುವನು, ಗಂಗೋತ್ರಿ ಹಾಡುವಳು. ಶ್ರುತಿ ಯಾವಾಗಲೂ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಮನೆ. ಅದು ಅವಳು ತವರಿನಿಂದ ತಂದ ಆಸ್ತಿ. ಅವಳ ತಾಯಿ ಕೊಟ್ರಮ್ಮ ಕುರುಗೋಡಿನಲ್ಲಿ ಹಾಡುತ್ತಿದ್ದದ್ದೂ ಅದೇ ಶ್ರುತಿಯಲ್ಲಿ. ತಾಯಿ ಹಾಡುವುದು ಬಿಟ್ಟ ಮೇಲೆ ಆ ಮನೆತನದ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಮೊದಲ ಜೋಗುಳ ಗಂಗೋತ್ರಿಯದು.

ಆ ವರ್ಷ ಒಂದು ನೆಗಡಿ ಬಂದು ಹೋಯಿತು. ಹೋಗುವಾಗ ಮೇಲಿನ ಸ್ವರಗಳನ್ನೂ ಕರೆದುಕೊಂಡು ಹೋಯಿತು. ಮೇಲೆ ಏರಿದಲ್ಲೆಲ್ಲ ದನಿ ಒಡೆಯತೊಡಗಿತು. ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ‘ರೋಗ ಏನೂ ಇಲ್ಲಮ್ಮ, ವಯಸ್ಸಿಗೆ ದನಿ ಸ್ವಲ್ಪ ಇಳಿಯುತ್ತೆ. ಇಳಿಸಿಯೇ ಹಾಡಿ’ ಎಂದರು. ಮನೆ ಮುಟ್ಟಿದ ಮೇಲೆ ಗವಿಸಿದ್ದೇಶ, ಒಳ್ಳೆಯ ಮನಸ್ಸಿನಿಂದಲೇ, ಬಾಯಿ ಹಾಕಿದ.

“ಎರಡು ಮನಿ ಇಳಿಸಿದ್ರ ಏನಾಕ್ಕೈತಿ? ಹಾಡು ಅದೇ, ನೀನೂ ಅದೇ ಗಂಗೋತ್ರಿ.”

“ನಮ್ಮವ್ವ ಅರವತ್ತು ದಾಟಿದ ಮ್ಯಾಲೂ ಕಪ್ಪು ನಾಲ್ಕರಾಗ ಹಾಡ್ಯಾಳ. ನನಗ ಆಗ್ಲೆ ಮುದುಕಿ ಅನ್ನಾಕತ್ತೀರೇನು?”

“ನಾನೆಲ್ಲಿ ಅಂದೆ? ಡಾಕ್ಟರ್ ಅಂದ್ರು.”

“ಅವರು ಅಂದದ್ದು ಗಂಟಲಿಗೆ. ನೀವು ಅಂದದ್ದು ನನಗ.”

ಅಲ್ಲಿಗೆ ಗಿಟಾರು ಅಟ್ಟ ಸೇರಿತು. ಆಮೇಲೆ ಕುರುಗೋಡಿನಿಂದ ಅಕ್ಕ ಚನ್ನಬಸಮ್ಮನ ಫೋನು ಬಂತು. ಮಗಳ ಕೂಸಿನ ತೊಟ್ಟಿಲ ಕಾರ್ಯ, ಮೊದಲ ಹಾಡು ನಿಂದೇ ಎಂದಳು. ಗಂಗೋತ್ರಿ ಎಂದಿಲ್ಲದ ಮೆತ್ತಗಿನ ದನಿಯಲ್ಲಿ, “ಈ ಸಲ ಬ್ಯಾರೆ ಯಾರ ಕಡೀಂದರ ಹಾಡಸು ಅಕ್ಕ, ನನಗ ಆಗವಲ್ದು” ಎಂದು ಹೇಳಿ ಫೋನಿಟ್ಟು ಒಗೆದ ಬಟ್ಟೆ ಮಡಚಲು ಕೂತಳು. ಒಂದು ಸಲ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಗವಿಸಿದ್ದೇಶ ಬಾಗಿಲಲ್ಲಿ ನಿಂತು ನೋಡಿದ. ಜಗಳವಾಡುವ ಹೆಂಡತಿಯನ್ನು ನಿಭಾಯಿಸುವುದು ಅವನಿಗೆ ಗೊತ್ತಿತ್ತು. ಸೋತವಳ ಮುಂದೆ ಎಲ್ಲಿ ನಿಲ್ಲಬೇಕು ಎಂಬುದೇ ಗೊತ್ತಿರಲಿಲ್ಲ.

ಉಪಾಯ ಹೊಳೆದದ್ದು ಘಟಕದಲ್ಲಿ. ಸೊಂಟ ದಪ್ಪಗಾದ ಗಿರಾಕಿಗೆ ನೀನು ದಪ್ಪಗಾಗಿದ್ದೀ ಎಂದು ಹೇಳಿ ಪ್ಯಾಂಟು ಮಾರಿದವರು ಲೋಕದಲ್ಲಿಲ್ಲ. ಮೂವತ್ತಾರರ ಸೊಂಟ ಹೊಲಿದು ಮೂವತ್ನಾಲ್ಕರ ಚೀಟಿ ಹಚ್ಚಿದರಾಯಿತು, ಗಿರಾಕಿ ಕನ್ನಡಿ ಮುಂದೆ ಹುಡುಗನಾಗುತ್ತಾನೆ. ದನಿಗೂ ಹಾಗೇ ಒಂದು ಚೀಟಿ ಹಚ್ಚಿದರೆ?

ತೊಡಕು ಒಂದೇ. ಹಾಡುವಾಗ ಗಂಗೋತ್ರಿ ಅವನ ಎಡಗೈಯನ್ನೇ ನೋಡುತ್ತಿದ್ದಳು. ಬೆರಳು ಗಿಟಾರಿನ ನಾಲ್ಕನೆಯ ಮನೆಯಲ್ಲಿದ್ದರೆ ಕಪ್ಪು ನಾಲ್ಕು. ಎರಡು ಮನೆ ಹಿಂದೆ ಸರಿಸಿದರೂ, ಕಿವಿ ಹಿಂಡಿ ತಂತಿ ಸಡಿಲಿಸಿದರೂ ಕಂಡುಬಿಡುತ್ತದೆ. ಅವನು ತನ್ನ ಕಷ್ಟವನ್ನು ವಾದ್ಯದ ಅಂಗಡಿಯ ಶೇಖರನಲ್ಲಿ ತೋಡಿಕೊಂಡ. ಶೇಖರ ಗಿಟಾರಿನ ಸದ್ದು ಹೊರಡಿಸುವ ಕರಿಯ ಪೆಟ್ಟಿಗೆಯೊಂದನ್ನು ಮುಂದಿಟ್ಟ.

“ಇದು ಹೊಸಾ ಆಂಪ್ ಅಣ್ಣ. ಈ ತಿರುವಣಿ ಐತಲ್ಲ, ಒಂದು ಸಲ ಟಕ್ ಅನಿಸಿದ್ರ ಒಂದು ಮನಿ ಕೆಳಗ, ಎರಡು ಸಲ ಅನಿಸಿದ್ರ ಎರಡು ಮನಿ ಕೆಳಗ. ತಂತಿ ಮುಟ್ಟೂದು ಬ್ಯಾಡ, ಕೈ ಸರಸೂದು ಬ್ಯಾಡ. ನೀವು ನುಡಸೂದು ಒಂದು, ಮಂದಿ ಕೇಳೂದು ಇನ್ನೊಂದು.”

ಸಂಸಾರ ಸುಖವಾಗಿರಲು ಇಂಥದೊಂದು ಯಂತ್ರ ಬೇಕೆಂದು ಗವಿಸಿದ್ದೇಶ ಎಷ್ಟೋ ಸಲ ಅಂದುಕೊಂಡಿದ್ದ. ಅದು ಅಂಗಡಿಯಲ್ಲಿ ಸಿಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಮನೆಗೆ ತಂದು, ಹಳೆಯ ಪೆಟ್ಟಿಗೆ ಕೆಟ್ಟಿದೆ ಎಂದು ಸುಳ್ಳು ಹೇಳಿ, ಸದ್ದು ಸಣ್ಣಗಿಟ್ಟು, ತಿರುವಣಿಯನ್ನು ಎರಡು ಸಲ ಟಕ್ ಅನಿಸಿ ಮೀಟಿ ನೋಡಿದ. ಪೆಟ್ಟಿಗೆ ಎರಡು ಮನೆ ಇಳಿದು, ಅಂದರೆ ನಡುವಿನ ಬಿಳಿ ಮನೆ ದಾಟಿ, ಕಪ್ಪು ಮೂರರಲ್ಲಿ ನುಡಿಯಿತು, ತೊಡೆಯ ಮೇಲಿನ ತಂತಿಯೋ ತನ್ನ ಪಾಡಿಗೆ ಕಪ್ಪು ನಾಲ್ಕರಲ್ಲಿ ಝಣಗುಟ್ಟಿತು. ಸದ್ದು ಸಣ್ಣಗಿದ್ದಾಗ ಬರಿಯ ತಂತಿಯೂ ಕೇಳುತ್ತದೆ ಎಂಬುದನ್ನು ಶೇಖರ ಹೇಳಿರಲಿಲ್ಲ. ಎರಡೂ ಸೇರಿ ಒಂದೇ ಚೀಲದಲ್ಲಿ ಎರಡು ಬೆಕ್ಕು ಹಾಕಿದಂತಾಯಿತು.

ಭಾನುವಾರದ ಹೊತ್ತಿಗೆ ಗವಿಸಿದ್ದೇಶ ವ್ಯೂಹ ರಚಿಸಿಕೊಂಡಿದ್ದ. ಪೆಟ್ಟಿಗೆಯನ್ನು ಗಂಗೋತ್ರಿಯ ಮಗ್ಗುಲಲ್ಲಿಟ್ಟ. ಉದ್ದನೆಯ ವೈರು ಎಳೆದುಕೊಂಡು ತಾನು ಪಡಸಾಲೆಯ ಆ ತುದಿಗೆ ಹೋಗಿ ಕೂತ. ತಂತಿಯ ಬುಡಕ್ಕೆ ಜೀನ್ಸ್ ಬಟ್ಟೆಯ ತುಂಡು ತುರುಕಿದ. ಇಷ್ಟೂ ಸಾಲದೆಂದು ಕೂಲರ್ ಹಚ್ಚಿದ. ಕೂಲರು ಲಾರಿಯಂತೆ ಗುರುಗುಟ್ಟಿತು.

“ಯಾಕ ಅಷ್ಟು ದೂರ ಕುಂತೀರಿ? ನಾನೇನು ಬೆಳ್ಳುಳ್ಳಿ ತಿಂದೀನೇನು?”

“ಸೆಕಿ ಆಗಾಕತ್ತೈತಿ.”

“ಕೂಲರ್ ಈ ಕಡಿ ಐತಿ. ನೀವು ಆ ಕಡಿ ಕುಂತೀರಿ.”

“ನಿನಗ ಗಾಳಿ ಬರ್ಲಿ ಅಂತ,” ಎಂದು ಅವನು ತಂತಿ ಮೀಟಿದ. “ಬರೇ ಒಂದು ಸಲ ಹಾಡು. ನಾಲ್ಕರಾಗ ಐತಿ ನೋಡು ಕೈ. ಬರಲಿಲ್ಲಂದ್ರ ಬಿಡು.”

ಗಂಗೋತ್ರಿ ತಲೆ ಓರೆ ಮಾಡಿದಳು. ಪೆಟ್ಟಿಗೆಯನ್ನು ನೋಡಿದಳು, ಅವನ ಬೆರಳು ನೋಡಿದಳು. ಹುಬ್ಬು ಗಂಟಿಕ್ಕಿತು. ಏನೋ ಹೇಳಲೆಂದು ಬಾಯಿ ತೆರೆದವಳು ಅರೆಗಳಿಗೆ ತಡೆದಳು. ಆಮೇಲೆ ಆ ಬಾಯಿಂದ ಹಾಡೇ ಬಂತು. ಮೇಲಿನ ಸ್ವರಕ್ಕೆ ಏರುವಲ್ಲಿ ಗವಿಸಿದ್ದೇಶ ಉಸಿರು ಬಿಗಿಹಿಡಿದ. ದನಿ ಒಡೆಯಲಿಲ್ಲ. ಮೊದಲಿನ ಮಿಂಚು ಇರಲಿಲ್ಲ. ಬದಲಿಗೆ ದುಂಡಗೆ, ತುಂಬಿದ ಕೊಡದಂತೆ ಬಂತು.

“ಬಂತಲ್ಲ,” ಎಂದು ಗಂಗೋತ್ರಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆನಂದಬಾಷ್ಪ ಎಂದು ಗವಿಸಿದ್ದೇಶ ತೀರ್ಮಾನಿಸಿದ. ತನ್ನ ಬುದ್ಧಿಗೆ ತಾನೇ ಮೆಚ್ಚಿ ಆ ದಿನ ಎರಡು ಮಿರ್ಚಿ ಹೆಚ್ಚು ತಿಂದ.

ಸಂಜೆ ಅವಳು ಅಕ್ಕನಿಗೆ ತಾನೇ ಫೋನು ಮಾಡಿ ಹಾಡುತ್ತೇನೆಂದಳು. ಆ ಕಡೆಯಿಂದ ಚನ್ನಬಸಮ್ಮ, ಸಿರುಗುಪ್ಪದ ಮಲ್ಲಯ್ಯನವರಿಗೂ ಹೇಳಿದ್ದೇವೆ, ಹಾರ್ಮೋನಿಯಂ ಅವರದು ಎಂದಳು. ಗವಿಸಿದ್ದೇಶನಿಗೆ ತಿಂದ ಮಿರ್ಚಿ ತಿರುಗಿ ಬಂದಂತಾಯಿತು. ಮಲ್ಲಯ್ಯ ಆ ಮನೆತನದ ಹಾಡಿಗೆ ಕಪ್ಪು ನಾಲ್ಕು ಬಿಟ್ಟು ಬೇರೆ ಮನೆ ಒತ್ತಿದವರೇ ಅಲ್ಲ.

ಹೊಸ ಅಕ್ಕಿ ತರುತ್ತೇನೆಂದು ಹೇಳಿ ಮರುದಿನವೇ ಬೈಕಿನಲ್ಲಿ ಸಿರುಗುಪ್ಪಕ್ಕೆ ಹೋದ. ಮಲ್ಲಯ್ಯ ಎಲ್ಲ ಕೇಳಿಸಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಕ್ಕು, “ಆತು ಬಿಡ್ರಿ, ಮೂರರಾಗ ಹಿಡೀತೀನಿ. ಆಕೀಗೆ ಯಾಕ ಹೇಳ್ಲಿ?” ಎಂದು ಮಾತು ಕೊಟ್ಟರು. ಗವಿಸಿದ್ದೇಶ ಹಗುರಾಗಿ ಮನೆಗೆ ಬಂದ.

“ಅಕ್ಕಿ ಎಲ್ಲಿ?” ಎಂದಳು ಗಂಗೋತ್ರಿ.

ಅಕ್ಕಿ ಸಿರುಗುಪ್ಪದಲ್ಲೇ ಇತ್ತು. ಅದೇ ಹೊತ್ತಿಗೆ ಮಲ್ಲಯ್ಯನವರ ಫೋನು ಬಂತು. ಅವರಿಗೆ ಅಷ್ಟರಲ್ಲಿ ಅರ್ಧ ಮರೆತಿತ್ತು. ಗವಿಸಿದ್ದೇಶ ಹಿತ್ತಿಲಿಗೆ ಓಡಿ, ದನಿ ತಗ್ಗಿಸಿ, “ಎರಡು ಮನಿ ರೀ… ಹೌದು, ಎರಡು. ಮನ್ಯಾಕಿಗೆ ಮಾತ್ರ ಗೊತ್ತಾಗಬಾರ್ದು” ಎಂದು ತಿರುಗಿದರೆ ಬೆನ್ನ ಹಿಂದೆ ಗಂಗೋತ್ರಿ ನಿಂತಿದ್ದಳು.

“ಎರಡು ಮನಿ ಅಂದ್ರಿ. ಒಂದು ಇದು. ಇನ್ನೊಂದು ಎಲ್ಲೈತಿ?”

“ಅದು… ಯಾರಿಗೋ ಬಾಡಿಗಿ ಮನಿ ಬೇಕಾಗಿತ್ತಂತ…”

“ಇದೊಂದು ನಡಸಾಕ ಹೈರಾಣಾಗೀರಿ,” ಎಂದು ಅವಳು ಒಳಗೆ ಹೋದಳು. ಹೋಗುವಾಗ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಯೇ ಎಂದು ಅವನು ಗಾಬರಿಯಾದ. (ಅದು ನಗು ಎಂದು ತಿಳಿಯುವಷ್ಟು ಚುರುಕಾಗಿದ್ದರೆ ಅವನು ಅಕ್ಕಿ ಮರೆಯುತ್ತಿರಲಿಲ್ಲ.)

ಕುರುಗೋಡಿನಲ್ಲಿ ಚನ್ನಬಸಮ್ಮನ ಪಡಸಾಲೆ ಹೆಣ್ಣುಮಕ್ಕಳಿಂದ ತುಂಬಿತ್ತು. ನಡುವೆ ಹೂ ಸುತ್ತಿದ ತೊಟ್ಟಿಲು, ಅದರ ತಲೆದೆಸೆಗೆ ಹೊಂದಿಕೊಂಡಂತೆ ಕುರ್ಚಿಯಲ್ಲಿ ಕೊಟ್ರಮ್ಮ. ತಾಯಿಯ ಎದುರಿಗೇ ಗಂಗೋತ್ರಿ ಕೂತಳು. ಗವಿಸಿದ್ದೇಶ ತಿರುವಣಿಯನ್ನು ಎರಡು ಸಲ ಟಕ್ ಅನಿಸಿ, ಬೆರಳನ್ನು ನಾಲ್ಕನೆಯ ಮನೆಯಲ್ಲಿಟ್ಟು, ಮಲ್ಲಯ್ಯನವರಿಗೆ ಕಣ್ಣು ಮಿಟುಕಿಸಿದ. ಮಲ್ಲಯ್ಯ ಅದನ್ನು ಗೌರವವೆಂದು ತಿಳಿದು ಕೈಮುಗಿದರು. ಆಮೇಲೆ ಎಷ್ಟೋ ವರ್ಷಗಳ ಅಭ್ಯಾಸದ ಬೆರಳು ತಾನಾಗಿಯೇ ಹೋಗಿ ಕಪ್ಪು ನಾಲ್ಕನ್ನು ಒತ್ತಿತು.

ಗವಿಸಿದ್ದೇಶ ಕೆಮ್ಮಿದ. ಮಲ್ಲಯ್ಯ ಇನ್ನೂ ಜೋರಾಗಿ ತಿದಿ ಒತ್ತಿದರು.

ಗಂಗೋತ್ರಿ ಕೈ ಎತ್ತಿದಳು. ಮಲ್ಲಯ್ಯ ತಿದಿಯಿಂದ ಕೈ ತೆಗೆದರು.

“ಮಲ್ಲಯ್ಯನವರ, ಮೂರು ಹಿಡೀರಿ. ನನ್ನ ದನಿ ಈಗ ಅಲ್ಲಿ ಕುಂತೈತಿ.”

ಹೇಳಿ ತಾಯಿಯ ಮುಖ ನೋಡಿದಳು. ಕೊಟ್ರಮ್ಮ ಎಲೆ ಅಡಿಕೆ ಮೆಲ್ಲುತ್ತಲೇ, “ಕುಂತಲ್ಲೆ ಹಾಡು ಮತ್ತ. ನನ್ನದು ಎಲ್ಲಿಗೆ ಇಳದೈತೊ ನನಗ ಗೊತ್ತಿಲ್ಲ” ಎಂದಳು. ಯಾರೋ ನಕ್ಕರು. ಅಷ್ಟೇ. ಇಷ್ಟು ದಿನ ಮನೆಯಲ್ಲಿ ಬೆಟ್ಟದಂತೆ ಕೂತಿದ್ದ ಸಂಗತಿ ಆ ಪಡಸಾಲೆಯಲ್ಲಿ ಎಲೆಯ ತೊಟ್ಟು ಮುರಿದಷ್ಟು ಹೊತ್ತೂ ಹಿಡಿಯಲಿಲ್ಲ.

ಮಲ್ಲಯ್ಯ ಮೂರು ಒತ್ತಿದರು, ಗಂಗೋತ್ರಿ ಹಾಡು ಎತ್ತಿದಳು. ಗವಿಸಿದ್ದೇಶನಿಗೆ ಮಾತ್ರ ಗಾಬರಿಯಲ್ಲಿ ಒಂದೇ ಒಂದು ವಿಚಾರ ಹೊಳೆಯಿತು: ಮೂರು ಎಂದರೆ ಎರಡು ಮನೆ ಕೆಳಗೆ. ಬೆರಳನ್ನು ಎರಡು ಮನೆ ಹಿಂದೆ ಸರಿಸಿ ಗಟ್ಟಿಯಾಗಿ ಮೀಟಿದ. ಪೆಟ್ಟಿಗೆ ಮೊದಲೇ ಎರಡು ಮನೆ ಇಳಿದು ಕೂತಿತ್ತು, ಈಗ ಇನ್ನೆರಡು ಇಳಿಯಿತು. ಗಂಗೋತ್ರಿ ಒಂದು ಊರಿನಲ್ಲಿ, ಗಿಟಾರು ಇನ್ನೊಂದರಲ್ಲಿ. ತೊಟ್ಟಿಲ ಕೂಸು ಕಿಟಾರನೆ ಚೀರಿತು.

“ಚಿಕ್ಕಪ್ಪನ ಕಿವಿಗೆ ಏನಾತು?” ಎಂದು ಬಾಣಂತಿ ತಾಯಿಯನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಗಂಗೋತ್ರಿ ಹಾಡು ನಿಲ್ಲಿಸದೆ ಕೈ ಚಾಚಿ ಪೆಟ್ಟಿಗೆಯ ವೈರನ್ನು ಕಿತ್ತಳು. ಪೆಟ್ಟಿಗೆ ಸತ್ತಿತು. ತೊಡೆಯ ಮೇಲೆ ಬರಿಯ ತಂತಿ ಮಿಡಿಯುತ್ತಿತ್ತು, ಸರಿಯಾಗಿ ಕಪ್ಪು ಮೂರರಲ್ಲಿ, ಹಾರ್ಮೋನಿಯಮ್ಮಿಗೂ ಹೆಂಡತಿಯ ದನಿಗೂ ಕೂಡಿಕೊಂಡು. ಅದು ಕೇಳಿದ್ದು ಅವರಿಬ್ಬರಿಗೆ ಮಾತ್ರ.

ಹಾಡು ಮುಗಿದಾಗ ಅವನು ಮೆಲ್ಲಗೆ ಕೇಳಿದ, “ಯಾವಾಗ ಗೊತ್ತಾತು?”

“ಮೊದಲನೇ ದಿನ. ಬೆರಳು ಒಂದು ಹೇಳಾಕತ್ತಿತ್ತು, ಪೆಟ್ಟಿಗಿ ಇನ್ನೊಂದು.”

“ಮತ್ತ ಬೈಲಿಲ್ಲಲ್ಲ?”

“ಬೈಬೇಕಂತನ ಬಾಯಿ ತಗದೆ. ಹಾಡು ಬಂತು. ಬಿಡಾಕ ಮನಸಾಗಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವು ಪಾಪ ಅಕ್ಕಿ ಮರಿಯೂವಷ್ಟು ಕಷ್ಟಪಟ್ಟೀರಿ. ನೋಡೂಣು, ಇನ್ನೂ ಏನೇನು ಮಾಡ್ತೀರಿ ಅಂತ ಸುಮ್ನಿದ್ದೆ.”

ಎರಡನೆಯ ಜೋಗುಳ ಶುರುವಾಯಿತು. ಗವಿಸಿದ್ದೇಶ ಮನಸಾರೆ ನುಡಿಸತೊಡಗಿದ.

“ಅಳಿಯಂದಿರು ಯಾಕ ಸುಮ್ನ ಕುಂತಾರ?” ಎಂದಳು ಕೊಟ್ರಮ್ಮ.

“ನುಡಸಾಕತ್ತೀನ್ರಿ ಅತ್ತಿ!”

“ಹೌದೇನು? ಏನೂ ಕೇಳವಲ್ದು,” ಎಂದು ಚನ್ನಬಸಮ್ಮ ಅವನ ತೊಡೆಯ ಮೇಲಿಂದ ಗಿಟಾರು ಎತ್ತಿ ಗೋಡೆಗೆ ಆನಿಸಿ, ತೊಟ್ಟಿಲ ಹಗ್ಗವನ್ನು ಅವನ ಕೈಗೆ ಕೊಟ್ಟಳು. “ಇದನ್ನ ತೂಗ್ರಿ. ಇದಕ್ಕ ಶ್ರುತಿ ಬೇಕಾಗಿಲ್ಲ.”

ಅವನು ಹುರುಪಿನಿಂದ ತೂಗಿದ. ಹಾಡಿಗಿಂತ ತೊಟ್ಟಿಲು ಮುಂದೆ ಹೋಯಿತು. ಕೂಸು ಕಣ್ಣರಳಿಸಿತು, ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡರು. ಗಂಗೋತ್ರಿ ಅವನತ್ತ ನೋಡಲೂ ಇಲ್ಲ. ಹಾಡುತ್ತಲೇ ಅವನ ಮಣಿಕಟ್ಟು ಹಿಡಿದು, ಹೊಲಿಗೆ ಕಲಿಯುವವರ ಕೈ ಹಿಡಿದಂತೆ, ನಿಧಾನ ಮಾಡಿದಳು.