ಮರಿ ವಕೀಲನ ಎರಡು ಪದವಿ

ಎಲ್ಲ ಅನಾಹುತಕ್ಕೂ ಮೂಲ ಅರ್ಧ ಲೋಟ ಚಹಾ. ಬೆಳಿಗ್ಗೆ ಹತ್ತಕ್ಕೆ ಅದು ಮರಿ ವಕೀಲನ ಲ್ಯಾಪ್‌ಟಾಪಿನ ಮೇಲೆ ಉರುಳಿ, ಯಂತ್ರ ಒಮ್ಮೆ ಕುಂಯ್ ಎಂದು ಕಣ್ಣು ಮುಚ್ಚಿತು.

ಎರಡು ದೇಶಗಳಲ್ಲಿ ಓದಿ ಎರಡು ಕಾನೂನು ಪದವಿ ಒಟ್ಟಿಗೆ ಪಡೆಯುವ ಕೋರ್ಸಿಗೆ ಅರ್ಜಿ ಹಾಕಲು ಅದೇ ಸಂಜೆ ಐದು ಗಂಟೆ ಕೊನೆ; ತೀರ್ಮಾನ ಆ ಕೂಡಲೇ ಫೋನಿನಲ್ಲಿ. ಆಯ್ಕೆಯಾದರೆ ಪೂರ್ತಿ ವಿದ್ಯಾರ್ಥಿವೇತನ, ವಯಸ್ಸಿನ ಮಿತಿಯೂ ಇಲ್ಲ. ದೊಡ್ಡ ವಕೀಲರ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಮರಿಯಾಗಿಯೇ ಉಳಿದ, ಮೂವತ್ತೆಂಟು ದಾಟಿದ ಬಡಪಾಯಿಗೆ ಪಾರಾಗಲು ಇದ್ದದ್ದು ಇದೊಂದೇ ದಾರಿ. ಅವನು ಬರೆದದ್ದಕ್ಕೆಲ್ಲ ಸಹಿ ದೊಡ್ಡ ವಕೀಲರದು, ಬೈಗುಳ ಮಾತ್ರ ಅವನದು.

“ಅಕ್ಕಾ, ನೀವೇ ಕಾಪಾಡ್ಬೇಕು!” ಎಂದು ಟೈಪಿಸ್ಟ್ ಅಕ್ಕನ ಮುಂದೆ ನಿಂತ.

“ಅಳ್ಬೇಡಪ್ಪ. ಕೈಯಲ್ಲಿ ಬರೆದು ಕೊಡು, ನನ್ನ ಕಂಪ್ಯೂಟರಲ್ಲಿ ತುಂಬ್ತೀನಿ. ನಿನ್ನ ಕಾಗೆ ಕಾಲಿನ ಅಕ್ಷರ ನನಗೇನು ಹೊಸದಾ?”

ಬರೆಯಲು ಕುಳಿತರೆ ಗುಮಾಸ್ತ ಹೆಗಲ ಮೇಲಿಂದ ಇಣುಕಿದ. “ಯಾಕೆ ಓದ್ಬೇಕು ಅಂತ ಕೇಳಿದಾರಾ? ‘ಜ್ಞಾನಕ್ಕಾಗಿ’ ಅಂದ್ರೆ ಯಾರು ನಂಬ್ತಾರೆ? ‘ಮಾನ್ಯರು ದಯವಿಟ್ಟು ಸೀಟು ಮಂಜೂರು ಮಾಡಬೇಕಾಗಿ ಪ್ರಾರ್ಥನೆ’ ಅಂತ ಮುಗಿಸು.” ಅವನ ಮಾತು ಕೇಳಿ ಬರೆದು, ಮತ್ತೆ ಅದನ್ನು ಹೊಡೆದುಹಾಕುವಷ್ಟರಲ್ಲಿ ಗಂಟೆ ಮೂರಾಯಿತು.

ಇನ್ನು ಶಿಫಾರಸು ಪತ್ರ. ಅದನ್ನೂ ತಾನೇ ಬರೆದು, ತನ್ನನ್ನು ತಾನೇ ಹೊಗಳಿಕೊಳ್ಳಲು ನಾಚುತ್ತಲೇ ಚೆನ್ನಾಗಿ ಹೊಗಳಿಕೊಂಡು, ಟೈಪಾದ ಕಾಗದವನ್ನು ಓದಿ ನೋಡಲೂ ಪುರುಸೊತ್ತಿಲ್ಲದೆ ಹಿಡಿದು ದೊಡ್ಡ ವಕೀಲರ ಹತ್ತಿರ ಓಡಿದ.

“ನಾಳಿದ್ದು ನೋಡೋಣ,” ಎಂದರು ಅವರು.

“ಸಾರ್, ಗಡುವು ಇವತ್ತೇ!”

“ಗಡುವು ಇರೋದೇ ಮುಂದೂಡೋಕೆ ಕಣಯ್ಯ.”

ಕೊನೆಗೆ ಅವನ ಅಳುಮೋರೆ ನೋಡಲಾರದೆ, ಓದದೆಯೇ ಸಹಿ ಗೀಚಿದರು. ಐದಕ್ಕೆ ಎರಡು ನಿಮಿಷವಿದ್ದಾಗ ಅಕ್ಕ ಗುಂಡಿ ಒತ್ತಿದಳು. ಮರಿ ವಕೀಲ ಬೆಳಗಿನಿಂದ ಮೊದಲ ಬಾರಿಗೆ ಕುರ್ಚಿಗೆ ಒರಗಿದ.

ಐದೂವರೆಗೆ ಒಳಕೋಣೆಯ ಫೋನು ರಿಂಗಣಿಸಿತು. ಶಿಫಾರಸು ವಿಚಾರಿಸಲು ಆಯ್ಕೆ ಸಮಿತಿಯವರೇ ಇರಬೇಕು! ಅವನು ಬಾಗಿಲಿಗೆ ಕಿವಿ ಹಚ್ಚಿದ. ಒಳಗೆ ದೊಡ್ಡ ವಕೀಲರು ಅರ್ಧ ಗಂಟೆ ಗುಡುಗಿ, ನಕ್ಕು, ಕೊನೆಗೆ, “ಇಂಥ ಅಭ್ಯರ್ಥಿ ನಿಮಗೆ ಇನ್ನೆಲ್ಲೂ ಸಿಗಲ್ಲ!” ಎಂದರು. ಮರಿ ವಕೀಲನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ದೇವರಂಥ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಬಾಗಿಲು ತೆರೆಯಿತು. ದೊಡ್ಡ ವಕೀಲರು ಅವನನ್ನು ಬಾಚಿ ತಬ್ಬಿಕೊಂಡರು.

“ಸೀಟು ಸಿಕ್ತು ಕಣಯ್ಯ! ನನಗೂ ಓದೋ ಆಸೆ ಇದೆ ಅಂತ ನಿನಗೆ ಹೆಂಗೆ ಗೊತ್ತಾಯ್ತು? ಅರ್ಜಿ ತುಂಬ ನನ್ನ ಹೆಸರು, ನನ್ನ ನಲವತ್ತು ವರ್ಷದ ಅನುಭವ, ಒಂದೂ ಬಿಟ್ಟಿಲ್ಲ! ತನಗೆ ತಾನೇ ಇಷ್ಟು ಧೈರ್ಯವಾಗಿ ಶಿಫಾರಸು ಬರ್ಕೊಂಡವರನ್ನ ಅವರು ನೋಡೇ ಇಲ್ವಂತೆ!”

ಮರಿ ವಕೀಲ ನಿಧಾನವಾಗಿ ಅಕ್ಕನತ್ತ ತಿರುಗಿದ. ಅವಳು ನಾಲಿಗೆ ಕಚ್ಚಿಕೊಂಡಳು.

“ಇಪ್ಪತ್ತು ವರ್ಷದಲ್ಲಿ ಈ ಕಚೇರಿಯಿಂದ ಹೋದ ಯಾವ ಅರ್ಜಿಗೆ ಸಾರ್ ಹೆಸರು, ಅನುಭವ ಬಿಟ್ಟು ಬೇರೆಯವರದು ಹಾಕಿದೀನಪ್ಪಾ? ಬೆರಳು ತಾನಾಗೇ ಓಡ್ತು.”

“ಸಾರ್, ಹಾಗಾದ್ರೆ ನಾನು?”

“ನಿನ್ನನ್ನ ಮರೀತೀನಾ? ಪಾಠ ಎಲ್ಲ ವಾರವಾರ ಕಳಿಸ್ತೀನಿ. ಎರಡೂ ದೇಶದ ಪ್ರಬಂಧ ನೀನೇ ಬರೀಬೇಕು.”

ಅಕ್ಕ ಆಗಲೇ ಹೊಸ ಹಾಳೆಗಳನ್ನು ಅವನ ಮುಂದೆ ಸರಿಸಿದ್ದಳು.

“ಕೈಯಲ್ಲಿ ಬರೆದು ಕೊಡಪ್ಪ, ಸಾಕು. ಹೆಸರು ನಾನು ಹಾಕ್ತೀನಿ.”