ಜೂನ್ ಒಂದರಂದು ಹುಟ್ಟಿದವರ ಆಯೇರಿ

ಮಗಳ ಮದುವೆಯಲ್ಲಿ ಆಯೇರಿ ಪಟ್ಟಿಯ ಹೊಣೆಯನ್ನು ನಾನೇ ಕೇಳಿ ಪಡೆದೆ. ಹಂದರದಲ್ಲಿ ಬೀಗರ ಎದುರು ನೆಂಟರನ್ನು ಹೆಸರು ಹಿಡಿದು ಕರೆದು, ಹಿರಿತನದ ಪ್ರಕಾರ ಸೀರೆ, ಧೋತರ, ಟಾವೆಲ್ ಕೊಡುವುದೇ ಆಯೇರಿ. ಒಂದು ಹೆಸರು ತಪ್ಪಿದರೆ ಮೂರು ತಲೆಮಾರು ಮಾತು ನಿಲ್ಲುತ್ತದೆ. ನಾನೋ ಸೇಡಂನ ಕಾಲೇಜೊಂದರಲ್ಲಿ ಪ್ರೊಲಾಗ್ ಎಂಬ ತರ್ಕದ ಕಂಪ್ಯೂಟರ್ ಭಾಷೆ ಕಲಿಸಿದವನು. ಯಾರು ಯಾರಿಗೆ ಏನಾಗಬೇಕೆಂದು ಹೇಳಿಬಿಟ್ಟರೆ ಉಳಿದದ್ದನ್ನು ಅದೇ ಯೋಚಿಸುತ್ತದೆ. ನೋಟ್‌ಬುಕ್ಕು, ಪೆನ್ನು ನನ್ನಂಥವರಿಗಲ್ಲ ಎಂದು ಮನೆಯಲ್ಲಿ ಘೋಷಿಸಿದೆ.

ಹೆಂಡತಿ ಶಾರದಾ ಪಕ್ಕದಲ್ಲಿ ಕುಳಿತು ಹೆಸರು ಹೇಳಿದಳು. ಸಹಜವಾಗಿ ಅವಳ ತವರು ವಾಡಿಯವರು ಮೊದಲು ಬಂದರು. ಹುಟ್ಟಿದ ದಿನಕ್ಕಾಗಿ ಎಲ್ಲರಿಂದಲೂ ಆಧಾರ್ ಕಾರ್ಡಿನ ಫೋಟೊ ತರಿಸಿದೆ.

"ಲಗ್ನಕ್ಕ ಕರೀಲಿಕತ್ತೀರೋ, ರೇಷನ್ ಕೊಡ್ಲಿಕತ್ತೀರೋ?" ಎಂದಳು ಶಾರದಾ.

ಆ ಭಾಷೆಯಲ್ಲಿ ಪಟ್ಟಿಯನ್ನು ಸಾಲಾಗಿ ನಿಲ್ಲಿಸಲು 'ಸಾರ್ಟ್' ಎಂಬ ಸಿದ್ಧ ವಿಧಾನವಿದೆ. ಅದು ಅಕ್ಷರ ನೋಡಿ ನಿಲ್ಲಿಸಿತು. ನೆಂಟರ ಮೂರು ವರ್ಷದ ಕೂಸು ಅಭಿ ಮೊದಲು, ದಂಡೋತಿಯ ನನ್ನ ಅಕ್ಕ ಸಿದ್ದಮ್ಮ ಕಟ್ಟಕಡೆಗೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಆಕೆ. ಇದು ಎಲ್ಲಿಯ ನ್ಯಾಯ! ಬೇರೆ ಹೆಸರಿನಲ್ಲಿ ಹೊಸ ವಿಧಾನ ಬರೆದಿದ್ದರೆ ಕೆಲಸ ಮುಗಿಯುತ್ತಿತ್ತು. ನಾನು ಸಾರ್ಟನ್ನೇ ತಿದ್ದಲು ಹೊರಟೆ. 'ಇದನ್ನು ಬದಲಿಸಲು ಅನುಮತಿ ಇಲ್ಲ' ಎಂದಿತು ಯಂತ್ರ.

"ಬ್ಯಾಡ ಅಂತದಲ್ಲರಿ, ಬಿಡ್ರಿ. ಏನರ ಕಾರಣ ಇರ್ತದ."

"ಹದಿನೈದು ವರ್ಷ ಕಲಿಸೀನಿ. ನನಗ ಅನುಮತಿ ಕೊಡ್ಲಿಕ್ಕ ಅದ್ಯಾವ ತಹಶೀಲ್ದಾರ?"

ಒಳಗಿನ ವಿಧಾನಗಳಿಗೆ ಹಾಕಿದ ಕಾವಲನ್ನು ತೆಗೆಯುವ ಆಜ್ಞೆಯೊಂದಿತ್ತು. ತೆಗೆದೆ. ಇನ್ನು ಮೇಲೆ ಹುಟ್ಟಿದ ದಿನ ನೋಡಿ ಸಾಲು ಮಾಡತಕ್ಕದ್ದು, ಎರಡು ಸಲ ಬಂದವರನ್ನು ಒಂದೇ ಸಲ ಉಳಿಸತಕ್ಕದ್ದು ಎಂದು ಸಾರ್ಟನ್ನು ಹೊಸದಾಗಿ ಬರೆದೆ. ಪಟ್ಟಿ ಅರ್ಧ ಹಾಳೆಯಲ್ಲಿ ಮುಗಿಯಿತು. ನನ್ನ ಬರವಣಿಗೆಯ ಬಿಗಿ ಎಂದುಕೊಂಡು ಎಣಿಸದೆ ಮಡಚಿ ಜೇಬಿಗಿಟ್ಟೆ.

ಮದುವೆಯ ದಿನ ಮೈಕು ಹಿಡಿದೆ. ವಾಡಿಯ ಅತ್ತೆಯನ್ನು ಕರೆದೆ. ವಾಡಿಯ ಅತ್ತೆಯನ್ನು ಕರೆದೆ. ಮುಂದಿನ ಸಾಲಿನಲ್ಲಿ ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು. ಹದಿನಾಲ್ಕನೆಯ ಹೆಸರಿಗೆ ಪಟ್ಟಿ ಮುಗಿಯಿತು. ಹಾಳೆ ತಿರುವಿ ನೋಡಿದೆ. ಖಾಲಿ.

ಆಗ ಹೊಳೆಯಿತು. ನಮ್ಮ ಸೀಮೆಯ ಹಿರಿಯರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಶಾಲೆಗೆ ಸೇರಿಸುವಾಗ ಮಾಸ್ತರು ಎಲ್ಲರಿಗೂ ಅದನ್ನೇ ಬರೆದಿದ್ದರು. ನನ್ನ ಹೊಸ ಸಾರ್ಟು ಹೆಸರು ಬಿಟ್ಟು ಹುಟ್ಟಿದ ದಿನವನ್ನಷ್ಟೇ ನೋಡಿ, ಒಂದೇ ವರ್ಷದ ಜೂನ್ ಒಂದರವರನ್ನೆಲ್ಲ ಒಬ್ಬರೆಂದೇ ತಿಳಿದು, ಮೊದಲು ಸಿಕ್ಕವರನ್ನು ಉಳಿಸಿತ್ತು. ಹೀಗೆ ಪಟ್ಟಿಯಲ್ಲಿ ಉಳಿದವರು ಬಹುಪಾಲು ಮೊದಲು ಬರೆಸಿದ ವಾಡಿಯವರು. ಐವತ್ತು ಮಂದಿ ನೆಂಟರು ನನ್ನನ್ನೇ ನೋಡುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಕ್ಕ ಎದ್ದಳು. "ತಮ್ಮಾ, ನಾ ದಂಡೋತಿ ಬಸ್ಸಿಗಿ ಹೋಗ್ತೀನಿ."

ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. "ನೀನೂ ವಾಡಿ ಭಾವನೂ ಒಬ್ರೇ ಅಂತ ಮಷೀನ್ ತಿಳೀತು ಅಕ್ಕಾ."

"ಹಂಗ ತಿದ್ದಂತ ಅದೇ ಹೇಳಿತ್ತೇನು?"

"ಇಲ್ಲ. ಬ್ಯಾಡ ಅಂದಿತ್ತು. ನಾನೇ ಕಾವಲು ತಗದೆ."

ಅಕ್ಕ ನನ್ನ ಕೈಯಿಂದ ಮೈಕು ಕಸಿದುಕೊಂಡು, ಚಿತ್ತಾಪುರದವರು, ಕಾಳಗಿಯವರು, ಆಡಕಿಯವರು ಎಂದು ಬಾಯಿಪಾಠದಿಂದಲೇ ಒಬ್ಬರನ್ನೂ ಬಿಡದೆ ಹಿರಿತನದ ಪ್ರಕಾರ ಕರೆದಳು. ಶಾರದಾ ಆಕೆಗೆ ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಡಿಸಿದಳು.

ಕೊನೆಗೆ ಒಂದು ಟಾವೆಲ್ ಉಳಿಯಿತು. ವಧುವಿನ ತಂದೆಯೆಂಬ ಗೌರವದಿಂದ ನಾನು ಹೆಗಲು ಮುಂದೆ ಮಾಡಿದೆ.

"ಇದು ನಿನಗಲ್ಲ," ಎಂದಳು ಅಕ್ಕ. "ಒಯ್ದು ಆ ಮಷೀನಿಗಿ ಹೊದಸು. ನನ್ನ ಮರ್ಯಾದಿ ಉಳಿಸ್ಲಿಕ್ಕ ನೋಡಿದ್ದು ಅದೊಂದೇ."