ತೊಂಬತ್ತೇಳನೇ ಪುಟದ ಹೆಣ

ಅಲ್ಲ, ಅದೆಲ್ಲ ಇರಲಿ, ನೀವೇ ಹೇಳಿ: ಮನೆಗೆ ಕಿಟಕಿಯೇ ಇಲ್ಲದಿದ್ದರೆ ಕಾದಂಬರಿಯ ನಾಯಕ ಬದುಕುವುದಾದರೂ ಹೇಗೆ? ದುಃಖವಾದರೆ ಕಿಟಕಿ, ಪ್ರೇಮವಾದರೆ ಕಿಟಕಿ, ಕೆಲಸ ಹೋದರೂ ಕಿಟಕಿ. ಅವನು ಆಚೆ ನೋಡುತ್ತಾ ನಿಂತುಬಿಡುತ್ತಾನೆ, ಈಚೆ ಕಾಫಿ ಆರಿ ತಣ್ಣಗಾಗುತ್ತದೆ. (ನಾನು ಓದಿದ ಕಾದಂಬರಿಗಳಲ್ಲಿ ಒಬ್ಬರೂ ಬಿಸಿ ಕಾಫಿ ಕುಡಿದದ್ದಿಲ್ಲ.) ನಾಯಕಿಯರಂತೂ ಬಿಡಿ, ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಎರಡನೇ ಅಧ್ಯಾಯಕ್ಕೇ ಮುಗಿಯುತ್ತಿದ್ದ ಕಥೆಯನ್ನು ತುಟಿ ಕಚ್ಚಿಕೊಂಡು ಮುನ್ನೂರು ಪುಟ ಎಳೆಯುತ್ತಾರೆ. ಇಷ್ಟಾದರೂ ನನಗೆ ಅವರೆಂದರೆ ಪ್ರಾಣ. ಹುಡುಗ ಪುಸ್ತಕದ ಬೈಂಡರು ಎಂದ ಕೂಡಲೇ ಮದುವೆಗೆ ಹೂಂ ಅಂದವಳು ನಾನು. ಮುಖ ಆಮೇಲೆ ನೋಡಿದೆ.

ಬಂದಮೇಲೆ ಗೊತ್ತಾಯಿತು, ಈ ಮನೆಯಲ್ಲಿ ಪುಸ್ತಕ ಓದುವುದೊಂದನ್ನು ಬಿಟ್ಟು ಬೇರೆಲ್ಲ ಮಾಡುತ್ತಾರೆ. ಗ್ರಂಥಾಲಯದಿಂದ ಹರಿದ ಪುಸ್ತಕಗಳು ನಮ್ಮ ಮುಂದಿನ ಕೋಣೆಗೆ ಬರುತ್ತವೆ. ನನ್ನವರು ಹಳೆಯ ರಟ್ಟು ಕಿತ್ತು, ಒಳಗಿನದನ್ನು ಹದಿನಾರು ಹದಿನಾರು ಪುಟದ ಕಂತೆಗಳಾಗಿ ಬಿಡಿಸುತ್ತಾರೆ. ಒಂದೊಂದು ಕಂತೆಗೂ ಫಾರಂ ಅಂತ ಹೆಸರು. ಅತ್ತೆ ಆ ಫಾರಂಗಳನ್ನು ಹೊಲಿಯುತ್ತಾರೆ, ನಾನು ಬೆನ್ನಿಗೆ ಅಂಟು ಹಚ್ಚುತ್ತೇನೆ. ಹಚ್ಚುತ್ತಾ ಹಚ್ಚುತ್ತಾ ನನ್ನ ಕಣ್ಣು ಒಂದು ಸಾಲಿನ ಮೇಲೆ ಬಿದ್ದರೆ ಸಾಕು, ಅಂಟು ಒಣಗುತ್ತದೆ, ಅತ್ತೆಯ ಗಂಟಲು ಏಳುತ್ತದೆ.

"ದರ್ಜಿ ಬಟ್ಟೆ ಹೊಲೀತಾನೆ, ಹಾಕ್ಕೊಂಡು ಕುಣೀತಾನೇನಮ್ಮ? ಹಚ್ಚು ಅಂಟು!"

ಹೀಗಿರುವಾಗ ಗ್ರಂಥಾಲಯದ ಮೇಡಂ ನನಗೊಂದು ಪಟ್ಟಾಭಿಷೇಕ ಮಾಡಿದರು.

"ರೀ, ಭಾನುವಾರ ಓದುಗರ ಸಭೇಲಿ ನಾನು ಮಾತಾಡ್ಬೇಕಂತೆ. ಮೆಚ್ಚಿನ ಕಾದಂಬರಿ ಬಗ್ಗೆ!"

"ನೀನಾ?" ಅಂದರು ನನ್ನವರು. "ಶುರು ಮಾಡ್ಸೋಕೆ ಅವರಿಗೆ ಗೊತ್ತು, ನಿಲ್ಸೋಕೆ ಗೊತ್ತಾ?"

"ಸುಮ್ನಿರೋ," ಎಂದು ಅತ್ತೆ ಸೂಜಿ ಕೆಳಗಿಟ್ಟರು. "ನೋಡಮ್ಮ, ನಾಲ್ಕು ಜನ ಮೆಚ್ಚೋ ಹಾಗೆ ಮಾತಾಡಿ ಬಾ. ಆಮೇಲೆ ಇಲ್ಲೇ ಕೂತು ಎಷ್ಟು ಬೇಕಾದ್ರೂ ಓದ್ಕೋ, ನಾನು ಪಿಟಕ್ ಅನ್ನಲ್ಲ. ಮಾನ ಕಳ್ಕೊಂಡು ಬಂದ್ಯೋ, ಕಾದಂಬರಿ ಫಾರಂ ಕೈಯಲ್ಲಿ ಮುಟ್ಟೋ ಹಾಗಿಲ್ಲ."

ಒಪ್ಪಿದೆ. ನನ್ನ ಇಡೀ ಓದುಬಾಳು ಆ ಒಂದು ಭಾಷಣದ ಮೇಲೆ ನಿಂತಿತು.

ಆಗ ಮೇಜಿನ ಮೇಲೆ ಎರಡು ಕಾದಂಬರಿಗಳು ಬಿಚ್ಚಿಕೊಂಡು ಕೂತಿದ್ದವು. ಒಂದು, ಬಡ ಮೇಷ್ಟ್ರೊಬ್ಬರ ಸಂಸಾರದ ಕಥೆ. ಇನ್ನೊಂದು ಪತ್ತೇದಾರಿ. ಮಧ್ಯಾಹ್ನ ಅತ್ತೆ ಅಡ್ಡಾದ ಹೊತ್ತು ನೋಡಿ ಮೇಷ್ಟ್ರ ಮೇಲೆ ಕೈ ಹಾಕಿದೆ. (ತಪ್ಪು ತಿಳಿಯಬೇಡಿ, ಫಾರಂ ಮೇಲೆ.) ಒಳಗಿನಿಂದ ಅತ್ತೆ ಕೆಮ್ಮಿದರು ನೋಡಿ, ಗಾಬರಿಯಲ್ಲಿ ನನ್ನ ಮೊಣಕೈ ತಗುಲಿ ಎರಡೂ ರಾಶಿ ದಬಕ್ಕನೆ ನೆಲಕ್ಕೆ! ಒಂದೇ ಪ್ರೆಸ್ಸು, ಒಂದೇ ಅಳತೆ, ಒಂದೇ ಅಚ್ಚು, ಒಂದೇ ಹಳದಿ. ಆದರೆ ನಾನು ಬೈಂಡರ ಹೆಂಡತಿ. "ಪುಟದ ನಂಬರು ಸರಿಯಿದ್ರೆ ಪುಸ್ತಕ ಸರಿ" ಎಂಬ ನನ್ನವರ ಮಹಾವಾಕ್ಯವನ್ನು ಜಪಿಸುತ್ತಾ ಚಕಚಕ ಜೋಡಿಸಿಬಿಟ್ಟೆ. ಆಮೇಲೆ ಸಮಾಧಾನವಾಗಿ ಮೇಷ್ಟ್ರ ಕಥೆ ಓದಿ ಮುಗಿಸಿದೆ. ನನ್ನವರು ನಂಬರು ನೋಡಿದರು, ಅತ್ತೆ ಹೊಲಿದರು, ಪುಸ್ತಕಗಳು ಗ್ರಂಥಾಲಯ ಸೇರಿದವು.

ಭಾನುವಾರ ಸಭೆ ತುಂಬಿತ್ತು. ನನ್ನವರು ಹಿಂದಿನ ಸಾಲಿನಲ್ಲಿ, ಅತ್ತೆ ಮುಂದಿನ ಸಾಲಿನಲ್ಲಿ. ನಾನು ಮೇಷ್ಟ್ರ ಕೊಡೆ, ಮೇಷ್ಟ್ರ ಕೆಮ್ಮು, ಮೇಷ್ಟ್ರ ಕಿಟಕಿ ಎಲ್ಲವನ್ನೂ ಬಣ್ಣಿಸಿ ತುತ್ತತುದಿಗೆ ಬಂದೆ.

"ಈಗ ಆ ಅಮೋಘ ಘಟ್ಟ! ತೊಂಬತ್ತಾರನೇ ಪುಟದ ಕೊನೇಲಿ ಮೇಷ್ಟ್ರು ಮೆಲ್ಲಗೆ ಕೋಣೆ ಬಾಗಿಲು ತೆಗೀತಾರೆ. 'ಮಂಚದ ಮೇಲೆ' ಅಂತ ಸಾಲು ನಿಲ್ಲುತ್ತೆ. ಪುಟ ತಿರುಗಿಸ್ತೀವಿ. 'ಹೆಣವಿತ್ತು!' ಯಾರ ಹೆಣ? ಹೇಳಲ್ಲ! ಅಲ್ಲಿಂದ ಹದಿನಾರು ಪುಟ ಮೇಷ್ಟ್ರು ನಾಪತ್ತೆ, ಬರೀ ಇನ್‌ಸ್ಪೆಕ್ಟರು. ನಾಯಕನನ್ನೇ ಬಚ್ಚಿಡೋ ಧೈರ್ಯ ಎಷ್ಟು ಲೇಖಕರಿಗಿದೆ ಹೇಳಿ? ಕೊನೆಗೆ ಇನ್‌ಸ್ಪೆಕ್ಟರು 'ಕೊಲೆಗಾರ ಬೇರೆ ಯಾರೂ ಅಲ್ಲ' ಅಂತಾನೆ. ಪುಟ ತಿರುಗಿಸಿದ್ರೆ, 'ಹೊಸ ಪರದೆ ಕೊಳ್ಳಬೇಕು ಎಂದಳು ಹೆಂಡತಿ.' ಪರದೆ! ಸತ್ಯದ ಮೇಲೆ ಎಳೆಯೋ ಪರದೆ!"

ನನಗೇ ಮೈ ಜುಮ್ಮೆಂದಿತು. ಚಪ್ಪಾಳೆಗೆ ಕಾದೆ. ಎದ್ದದ್ದು ಚಪ್ಪಾಳೆಯಲ್ಲ, ಮೂರನೇ ಸಾಲಿನ ನಿವೃತ್ತ ನರ್ಸಮ್ಮ.

"ಮಗಳೇ, ಆ ಪುಸ್ತಕ ಹರಿದಿದ್ದೇ ನಾನು ಓದಿ ಓದಿ. ಅದರಲ್ಲಿ ಹೆಣ ಎಲ್ಲಿ ಬಂತು? ಮಂಚದ ಮೇಲೆ ಹೆಂಡತಿ ಬಟ್ಟೆ ಮಡಿಸ್ತಾ ಇರ್ತಾಳೆ!"

ಅಷ್ಟರಲ್ಲಿ ಬಾಗಿಲ ಬಳಿಯಿದ್ದ ಬಸ್ ಡ್ರೈವರಣ್ಣ ಎದ್ದು ನಿಂತ.

"ಓಹೋ! ನಾನು ತಗೊಂಡೋಗಿದ್ದ ಪತ್ತೇದಾರೀಲಿ ಇನ್‌ಸ್ಪೆಕ್ಟರು ಬಾಗಿಲು ಒದ್ದು ಒಳಗೆ ನುಗ್ತಾನೆ, ಯಾರೋ ಹೆಂಗಸು ಬಟ್ಟೆ ಮಡಿಸ್ತಾ ಕೂತಿದ್ದಾಳೆ! ಅವಳ ಮೇಲೇ ಅನುಮಾನ ಇಟ್ಕೊಂಡು ಪುಸ್ತಕ ಮುಗಿಸಿದೆನಲ್ಲಮ್ಮ. ಪಾಪ ಅವಳು ಸೋಪಿನ ಲೆಕ್ಕ ಬಿಟ್ಟು ಇನ್ನೇನೂ ಮಾತಾಡಲ್ಲ!"

ಹಿಂದಿನ ಸಾಲಿನಲ್ಲಿ ನನ್ನವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಒಂದೇ ಒಂದು ಪದ ಉಸುರಿದರು. "ಫಾರಂ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಸತ್ಯದ ಮೇಲೆ ಎಳೆಯಲು ಒಂದು ಪರದೆ ಹುಡುಕಿದೆ, ಸಿಗಲಿಲ್ಲ.

ದಾರಿಯುದ್ದಕ್ಕೂ ಗೋಗರೆದೆ. "ನಂಬರು ಸರಿಯಿತ್ತಲ್ಲ ರೀ!"

"ಇತ್ತು ಮಾರಾಯ್ತಿ. ನನ್ನ ಮಾತನ್ನೇ ಹಿಡಿದು ನನ್ನ ಬಾಯಿಗೆ ಬೀಗ ಹಾಕ್ದೆ."

ಮನೆಗೆ ಬಂದು ಅತ್ತೆ ತೀರ್ಪು ಕೊಟ್ಟರು. "ಬರೀ ನಂಬರು ನೋಡಿದ್ರೆ ಸಾಲ್ದು ಅಂತಾಯ್ತು. ಇನ್ಮೇಲೆ ಹೊಲಿಯೋಕೆ ಮುಂಚೆ ಎಲ್ಲಾನೂ ಓದಿ ನೋಡ್ಬೇಕು. ನೀನೇ ಓದಮ್ಮ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಪೂರ್ತಿನಾ ಅತ್ತೆ?"

"ಒಂದಕ್ಷರ ಬಿಡ್ದೆ."

ಹಾರಿ ಕುಣಿಯುವುದೊಂದು ಬಾಕಿ. ಅತ್ತೆ ಒಳಗಿನಿಂದ ಒಂದು ಹೊರೆ ತಂದು ನನ್ನ ತೊಡೆಯ ಮೇಲಿಟ್ಟರು. ಮೇಲಿನ ಹಾಳೆ ನೋಡಿದೆ. 'ಒಳಚರಂಡಿ ಕೊಳವೆಗಳ ನಿಯಮಾವಳಿ, ಸಂಪುಟ ಒಂದು.'

"ಅತ್ತೆ... ಕಾದಂಬರಿಗಳು?"

"ಅವನ್ನ ನಾನು ನೋಡ್ಕೋತೀನಿ ಬಿಡು. ಅವತ್ತು ಆಡಿದ ಮಾತು ಮಾತೇ ತಾನೆ? ನಿನ್ನ ಕೈಗೆ ಕೊಟ್ರೆ ಹೆಣ ಬೀಳುತ್ತೆ."

ಈಗ ಅತ್ತೆ ಕನ್ನಡಕ ಏರಿಸಿಕೊಂಡು ದಿನವಿಡೀ ಕಾದಂಬರಿ ಪರಿಶೀಲಿಸುತ್ತಾರೆ. ಪಕ್ಕದಲ್ಲಿ ಅವರ ಕಾಫಿ ತಣ್ಣಗಾಗುತ್ತಿರುತ್ತದೆ. ನಾನು ಇಳಿಜಾರು, ಮುಚ್ಚಳ, ಕೊಳವೆಯ ಅಡ್ಡಳತೆ ಓದಿ ಓದಿ ಸಾಕಾದಾಗ ಎದ್ದು ಹೋಗಿ, ಏನು ಮಾಡುತ್ತೇನೆ ಹೇಳಿ? ಕಿಟಕಿ ಬಳಿ ನಿಲ್ಲುತ್ತೇನೆ.

ಪುಸ್ತಕಗಳನ್ನು ಬಿಚ್ಚಿ ಸರಿಮಾಡಿಕೊಡುತ್ತೇವೆಂದು ನನ್ನವರು ಕೇಳಿದರೆ ಮೇಡಂ ಸುತರಾಂ ಕೊಡಲಿಲ್ಲವಂತೆ. ಈಗ ಅವೆರಡಕ್ಕೂ ಎಲ್ಲಿಲ್ಲದ ಬೇಡಿಕೆ. ಮೇಷ್ಟ್ರ ಪುಸ್ತಕದ ಮೊದಲ ಹಾಳೆಗೆ ಚೀಟಿ ಬೇರೆ ಅಂಟಿಸಿದ್ದಾರೆ: 'ನಡುವಿನ ಹೆಣ, ಬೈಂಡರ ಹೆಂಡತಿಯ ಕೃಪೆ.' ನೀವಾದರೂ ಒಮ್ಮೆ ಅಲ್ಲಿಗೆ ಹೋಗಿ, ನನ್ನ ಮೇಷ್ಟ್ರನ್ನು ಮಾತಾಡಿಸಿ ಬನ್ನಿ. ಹದಿನಾರು ಪುಟ ಎಲ್ಲಿಗೆ ಹೋಗಿದ್ದಿರಿ ಅಂತ ಮಾತ್ರ ಕೇಳಬೇಡಿ, ಪಾಪ, ನೊಂದುಕೊಳ್ಳುತ್ತಾರೆ.